ನಮ್ಮ ಮನೆಯ ಪಾಳಿ

ಹೋದ ವಾರ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನ ಟಂಟಂ ಆಟೊ ನಿಲ್ಲಿಸಿಕೊಂಡು ಒಂದು ಮದುವೆಯ ಸಾಮಾನು ಹೇರಿಸಿಕೊಳ್ಳುತ್ತಿದ್ದೆ. ದೊಡ್ಡ ಪಾತ್ರೆಗಳು, ದಿಂಬುಗಳು, ಕೊನೆಗೆ ಬಾಡಿಗೆ ಜಮಖಾನಗಳ ಒಂದು ರಾಶಿ. ಮಳೆಗಾಲ ಪೂರ್ತಿ ಮಡಚಿಟ್ಟಿದ್ದ ಜಮಖಾನಗಳು. ಹುಳ ಹತ್ತಬಾರದು ಅಂತ ಮಡಿಕೆಯೊಳಗೆ ಡಾಂಬರ ಗುಳಿಗೆ ಹಾಕಿದ್ದರು. ಹಮಾಲ ಅವನ್ನು ಹಿಂದಿನ ಸೀಟಿಗೆ ಎಸೆದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಹಗ್ಗ ಕಟ್ಟುವುದನ್ನು ಬಿಟ್ಟು ನಿಂತೆ. ಹಮಾಲ ಬೈದ. ಕಟ್ಟಿದೆ, ಗಾಡಿ ಬಿಟ್ಟೆ. ಟಿಕೋಟಾ ಮುಟ್ಟುವ ತನಕ ಆ ವಾಸನೆ ನನ್ನ ಬೆನ್ನ ಹಿಂದೆಯೇ ಇತ್ತು. ಅದರ ಜೊತೆ ಅಕ್ಕೋರೂ ಇದ್ದರು...

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ಇವರು ಟಿಕೋಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನನಗೆ ಶಾಲೆಯಲ್ಲಿ ಕಲಿಸಿದವರಲ್ಲ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಅವರು ನನ್ನ ಗಾಡಿಯ ಪ್ಯಾಸೆಂಜರ್. ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ. ಬೆಳಿಗ್ಗೆ ನನ್ನ ಟಂಟಂ ಹತ್ತಿ ಶಾಲೆಗೆ ಬರುತ್ತಿದ್ದರು. ಬಸ್ಸಿನಲ್ಲಿ ಬರಬಹುದಿತ್ತು. ಬಸ್ಸಿನಲ್ಲಿ ಮಾತಾಡಲು ಆಗುವುದಿಲ್ಲ ಅನ್ನುತ್ತಿದ್ದರು. ಗಾಡಿ ಹತ್ತಿದ ಕೂಡಲೇ ಚೂಡಾದ ಡಬ್ಬಿ ತೆಗೆದು ಎಲ್ಲರ ಕೈಗೂ ಒಂದೊಂದು ಮುಷ್ಟಿ ಹಾಕುವರು. ಎಂಬತ್ತು ಹುಡುಗರ ಮುಂದೆ ಒದರಿ ಒದರಿ ಗಂಟಲು ಒಡೆದಿತ್ತು. ಪಿಸುಮಾತು ಅವರಿಗೆ ಬರುತ್ತಲೇ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ನಾನು ಹಾಡು ಜೋರಾಗಿ ಹಚ್ಚಿದರೆ ಹಿಂದಿನಿಂದ ಕೊಡೆಯ ತುದಿಯಿಂದ ಬೆನ್ನಿಗೆ ತಿವಿಯುವರು.

ಒಂದು ಸಂಜೆ ಗೋಳಗುಮ್ಮಟದ ಗೇಟಿನ ಮುಂದೆ ನಿಂತಿದ್ದೆ. ಫಾರಿನ್‌ನವರು ಇಬ್ಬರು ಬಂದು ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಕೈ ಮಾಡಿದೆ, ತಲೆ ಅಲ್ಲಾಡಿಸಿದೆ, ಆ ಕಡೆ ತೋರಿಸಿದೆ, ಈ ಕಡೆ ತೋರಿಸಿದೆ. ಅವರು ಬೇರೆ ಆಟೊ ಹತ್ತಿ ಹೋದರು. ದಿನವೂ ಹೀಗೇ ಆಗುತ್ತಿತ್ತು. ಆ ಸಂಜೆ ಅಲ್ಲೇ ಕಾಯಿಪಲ್ಲೆ ಕೊಳ್ಳುತ್ತಿದ್ದ ಅಕ್ಕೋರು ನೋಡಿ ನಕ್ಕರು. ನನಗೆ ಮೈ ಉರಿಯಿತು. ಮರುದಿನ ಗಾಡಿ ಹತ್ತಿದಾಗ ನಾನು ಮಾತಾಡಲಿಲ್ಲ. ಅವರೇ ಮುಂದೆ ಬಾಗಿ ಹೇಳಿದರು.

"ನಿನ್ನ ನೋಡಿ ನಕ್ಕಿಲ್ಲ ತಮ್ಮಾ. ನಮ್ಮ ಮಾಸ್ತರಗೋಳೂ ಇಂಗ್ಲಿಷ್ ಮಾತಾಡಂದ್ರ ಹಿಂಗ ಕೈ ಮಾಡ್ತಾರ. ಅದ ನೆನಪಾತು."

ಸುಳ್ಳಲ್ಲ. ಆಮೇಲೆ ನಾನೇ ಕಣ್ಣಾರೆ ನೋಡಿದೆ. ಟಿಕೋಟಾ, ಬಬಲೇಶ್ವರ ಸುತ್ತಿನ ಇಂಗ್ಲಿಷ್ ಮಾಸ್ತರುಗಳು ವರ್ಷಗಟ್ಟಲೆ ಇಂಗ್ಲಿಷನ್ನು ಕನ್ನಡದಲ್ಲಿ ಕಲಿಸಿದವರು. ಪುಸ್ತಕದಲ್ಲಿ ಇದ್ದದ್ದು ಬಾಯಿಪಾಠ. ಎದುರಿಗೆ ನಿಂತು ಯಾರಾದರೂ ನಾಲ್ಕು ಮಾತು ಆಡಿದರೆ ಬೆವರುತ್ತಿದ್ದರು. ಟ್ರೇನಿಂಗಿನಲ್ಲಿ ಒಬ್ಬರ ಮುಂದೆ ಒಬ್ಬರು ತಪ್ಪಲು ಹೆದರಿ ಸುಮ್ಮನೆ ಕೂರುವರಂತೆ. ಇನ್ನೊಂದು ಕಡೆ ನಮ್ಮಂಥವರು. ಕಲಿಯುವ ಆಸೆ ಇದೆ, ಮಾಸ್ತರ ಮುಂದೆ ಹೋಗಲು ಹೆದರಿಕೆ. ಎರಡೂ ಕಡೆ ಇರುವುದು ಒಂದೇ ಹೆದರಿಕೆ, ಇವರನ್ನು ಒಂದೇ ಜಮಖಾನದ ಮೇಲೆ ಕೂರಿಸಬೇಕು ಅಂತ ಅಕ್ಕೋರ ತಲೆಗೆ ಹೊಕ್ಕಿತ್ತು. ಆಗಲೇ ಶುರು ಮಾಡಿಬಿಟ್ಟಿದ್ದರು. ರವಿವಾರ ಬಾ ಅಂದರು. ಹೋದೆ.

ಅದಕ್ಕೊಂದು ಪದ್ಧತಿ ಇತ್ತು. ಶಾಲೆಯಲ್ಲಿ ಕೂರುವಂತಿಲ್ಲ. ಪ್ರತಿ ರವಿವಾರ ಒಬ್ಬೊಬ್ಬರ ಮನೆ. ಯಾಕೆ ಮನೆ ಅಂತ ಒಮ್ಮೆ ಯಾರೋ ಕೇಳಿದ್ದಕ್ಕೆ, "ಸಾಲ್ಯಾಗ ಮಾಸ್ತರ ಕುರ್ಚಿ ಮ್ಯಾಲ, ಹುಡುಗ ನೆಲದ ಮ್ಯಾಲ. ಮನ್ಯಾಗ ಎಲ್ಲಾರೂ ಮಂದಿನ," ಅಂದಿದ್ದರು. ಮನೆಯವನು ಬಂದವರಿಗೆ ತನ್ನ ಮನೆ ತೋರಿಸುತ್ತ ಇಂಗ್ಲಿಷಿನಲ್ಲಿ ಮಾತಾಡಬೇಕು. ಇದು ಒಲೆ, ಇಲ್ಲಿ ಅಪ್ಪ ಮಲಗುತ್ತಾನೆ, ಈ ಗೋಡೆಗಾಗಿ ಪಕ್ಕದ ಮನೆಯವರ ಜೊತೆ ಜಗಳ ಆಗಿದೆ, ಹೀಗೆ. ಇಂಥ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಮಾಸ್ತರೂ ತಡವರಿಸುವರು, ನಾವೂ ತಡವರಿಸುವೆವು. ಕೂರುವಾಗ ಒಬ್ಬ ಕಲಿಸುವವ, ಒಬ್ಬ ಕಲಿಯುವವ, ಹೀಗೆ ಬೆರೆಸಿ ಕೂರಬೇಕು. ಮನೆಯವನ ಎಡಕ್ಕೆ ಯಾರು ಕೂತಿರುತ್ತಾರೋ ಮುಂದಿನ ಪಾಳಿ ಅವರದು. ಜಮಖಾನ ಅವರ ಮನೆಗೆ ಹೋಗುತ್ತದೆ. ಅಕ್ಕೋರ ಟ್ರಂಕಿನಿಂದ ಬಂದ ಹಳೆಯ ಜಮಖಾನ ಅದು. ಎಷ್ಟು ಮನೆ ಸುತ್ತಿದರೂ ಅದರ ಡಾಂಬರ ಗುಳಿಗೆಯ ವಾಸನೆ ಹೋಗಲಿಲ್ಲ.

ಮೊದಲು ಅಕ್ಕೋರ ಮನೆಯೇ ಆಗಿತ್ತಂತೆ. ನಾನು ಸೇರಿದ ಮೇಲೆ ಕಳ್ಳಕವಟಗಿಯ ಒಬ್ಬ ಹುಡುಗಿಯ ಮನೆಗೆ ಹೋದೆವು. ನರ್ಸಿಂಗ್ ಮುಗಿಸಿದ್ದಳು. ದೊಡ್ಡ ಆಸ್ಪತ್ರೆಗಳಲ್ಲಿ ಇಂಟರ್‌ವ್ಯೂ ಇಂಗ್ಲಿಷಿನಲ್ಲಿ ಮಾಡುತ್ತಾರೆ ಅಂತ ಕಲಿಯಲು ಬಂದಿದ್ದಳು. ಅವಳು ಎಮ್ಮೆಯ ಹತ್ತಿರ ನಿಂತು ಅದಕ್ಕೆ ಯಾವ ರೋಗ, ಎಷ್ಟು ದಿನದಿಂದ, ಏನು ಔಷಧ ಅಂತ ಡಾಕ್ಟರ ಮುಂದೆ ಹೇಳಿದ ಹಾಗೆ ಹೇಳಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಮ್ಮೆ ಬೆದರಿ ಹಗ್ಗ ಹರಿಯಿತು. ಹಿಡಿಯಲು ಓಡಿದವರಲ್ಲಿ ಮೂವರು ಮಾಸ್ತರುಗಳು. ಓಡುವಾಗಲೂ ಇಂಗ್ಲಿಷಿನಲ್ಲೇ ಕೂಗಬೇಕು ಅಂತ ಅಕ್ಕೋರು ಹಿಂದಿನಿಂದ ಒದರುತ್ತಿದ್ದರು... ಬೇರೆ ಯಾವತ್ತೂ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಎಷ್ಟೋ ತಿಂಗಳು ಹೀಗೇ ನಡೆಯಿತು. ನಾನು ಯಾರ ಮನೆಗೆ ಹೋದರೂ ಮನೆಯವರ ಬಲಕ್ಕೆ ಕೂರುತ್ತಿದ್ದೆ. ಎಡಕ್ಕೆ ಕೂತರೆ ಪಾಳಿ ಬರುತ್ತದೆ. ನಮ್ಮ ಮನೆ ಟಿಕೋಟಾದಲ್ಲಿ ಊರಿಂದ ಸ್ವಲ್ಪ ಹೊರಗಿನ ಓಣಿಯಲ್ಲಿ. ಗೋಡೆಯ ಮೇಲೆ ಬುದ್ಧನ ಫೋಟೊ ಇರುವ ಮನೆ. ಓಣಿ ಯಾಕೆ ಊರ ಹೊರಗಿದೆ ಅಂತ ಇದನ್ನು ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಯಾರಿಗೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಅಕ್ಕೋರಿಗೆ ಗೊತ್ತಿತ್ತು. ಗಾಡಿ ನಿಲ್ಲಿಸಿ ಮನೆಯಿಂದ ಬುತ್ತಿ ತರುವಾಗ ನೋಡಿದ್ದರು.

ಬಬಲೇಶ್ವರದಲ್ಲಿ ಒಬ್ಬ ಮಾಸ್ತರರ ಮನೆಯ ಪಾಳಿ ಬಂತು. ಅಕ್ಕೋರ ಬಲಗೈ ಇದ್ದ ಹಾಗೆ ಇದ್ದವರು. ನಗಿಸುವ ಮನುಷ್ಯ. ಆ ದಿನವೂ ತಮ್ಮ ಅಡುಗೆಮನೆ ತೋರಿಸುತ್ತ, ಇಲ್ಲಿ ನನ್ನ ಮಾತು ನಡೆಯುವುದಿಲ್ಲ, ಇಲ್ಲಿ ನನ್ನ ಹೆಂಡತಿಯೇ ಹೆಡ್‌ಮಾಸ್ತರು ಅಂತ ಇಂಗ್ಲಿಷಿನಲ್ಲಿ ಹೇಳಿದರು. ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ, ಗಂಡನ ಮುಖ ಓದಲು ಬರುತ್ತದೆ. "ನಿಂತ ನಿಂತಲ್ಲೆ ನನ್ನ ಮಾನಾ ತಗೀಯಾಕತ್ತಾರ ನೋಡ್ರಿ," ಅಂದಳು. ಎಲ್ಲರೂ ನಕ್ಕೆವು. ಜಮಖಾನ ಹಾಸಿದರು. ನಾನು ಎಂದಿನಂತೆ ಮಾಸ್ತರರ ಬಲಕ್ಕೆ ಹೋದೆ. ಅಕ್ಕೋರು ನನ್ನ ತೋಳು ಹಿಡಿದು ಎಳೆದು ಎಡಕ್ಕೆ ಕೂರಿಸಿದರು. ನಾನು ಏಳಲು ನೋಡಿದೆ. ಹೆಗಲ ಮೇಲೆ ಕೈ ಇಟ್ಟು ಒತ್ತಿದರು.

ಮುಗಿದ ಮೇಲೆ ಮಾಸ್ತರು ನಗುನಗುತ್ತ ಜಮಖಾನ ಮಡಚಿ ನನ್ನ ಮಡಿಲಿಗೆ ಹಾಕಿ, ನಿಮ್ಮ ಮನೆ ಟಿಕೋಟಾದಲ್ಲಿ ಎಲ್ಲಿ ಬರುತ್ತದೆ ಅಂತ ಕೇಳಿದರು. ಓಣಿಯ ಹೆಸರು ಹೇಳಿದೆ.

ಮಾಸ್ತರರ ನಗು ಮುಖದ ಮೇಲೆ ಹಾಗೇ ಇತ್ತು, ಒಳಗಿನಿಂದ ಮಾತ್ರ ಹೋಯಿತು. ಅವರ ಮುದಿ ತಾಯಿ ಚಹಾದ ಕಪ್ಪುಬಸಿ ಎತ್ತಿಕೊಳ್ಳಲು ಬಂದಿದ್ದಳು. ಎಲ್ಲರದೂ ಎತ್ತಿದಳು. ನನ್ನ ಮುಂದಿನದನ್ನು ಬಿಟ್ಟು ಹೋದಳು. ನಾನೇ ಎತ್ತಿ ಬಚ್ಚಲಲ್ಲಿ ತೊಳೆದಿಟ್ಟು ಬಂದೆ.

ವಾಪಸ್ ಬರುವಾಗ ಗಾಡಿಯಲ್ಲಿ ಅಕ್ಕೋರಿಗೆ ಹೇಳಿದೆ. ನಮ್ಮ ಮನೆ ಬಿಡ್ರಿ, ಮುಂದಿನವರಿಗೆ ಜಮಖಾನ ಕೊಡ್ರಿ ಅಂತ. ಪಾಳಿ ಅಂದರೆ ಪಾಳಿ ಅಂದರು. ಅಷ್ಟೇ.

ಅವ್ವನಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಮಾಸ್ತರುಗಳು, ಅಕ್ಕೋರುಗಳು, ಇಷ್ಟು ಮಂದಿ ನಮ್ಮ ಮನೆಗಾ? ಅವ್ವ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವಾಕೆ. ಆ ವಾರ ಎರಡು ದಿನ ಕೆಲಸ ಬಿಟ್ಟು ಮನೆ ಸಾರಿಸಿದಳು. ಪಕ್ಕದ ಮನೆಗಳಿಂದ ಚಾಪೆ ತಂದಳು. ಶನಿವಾರ ಸಂಜೆ ಬಂದು ನೋಡಿದರೆ ಮೂಲೆಯಲ್ಲಿ ಸೀಲ್ ಇರುವ ನೀರಿನ ಬಾಟಲಿಗಳ ಒಂದು ಪೆಟ್ಟಿಗೆ, ಬಿಸ್ಕಿಟ್ ಪುಡಿಕೆಗಳು, ಪೇಪರ್ ಕಪ್ಪುಗಳು. ಚಹಾ ಮನೆಯಲ್ಲಿ ಮಾಡುವುದಿಲ್ಲ, ಊರೊಳಗಿನ ಹೋಟೆಲಿನಿಂದ ಥರ್ಮಾಸಿನಲ್ಲಿ ತಾ ಅಂದಳು. ನಮ್ಮ ಮನೆಯಲ್ಲಿ ನೀರಿಲ್ಲವೇನು ಅಂತ ಕೇಳಿದೆ.

"ಅವರಿಗೆ ತ್ರಾಸ ಆಗಬಾರದಪ್ಪಾ. ಬ್ಯಾಡ ಅನ್ನಾಕ ಅವರಿಗೂ ಸಂಕಟಾನ. ಸೀಲ್ ಇದ್ರ ಕುಡೀತಾರ."

ಥರ್ಮಾಸು ಕೇಳಿ ತರಲು ಪಕ್ಕದ ಮನೆಗೆ ಹೋದೆ.

ರವಿವಾರ ಬಂತು. ಹೊತ್ತಾಯಿತು. ಫೋನುಗಳು ಬರತೊಡಗಿದವು. ಒಬ್ಬರ ಮಗುವಿಗೆ ಜ್ವರ. ಒಬ್ಬರಿಗೆ ಉಪವಾಸ. ಒಬ್ಬರ ಸಂಬಂಧಿಕರು ಬಂದಿದ್ದಾರೆ. ಒಬ್ಬರ ಬಸ್ಸು ಬರಲೇ ಇಲ್ಲ. ಎಲ್ಲರೂ ಅಚ್ಚ ಕನ್ನಡದಲ್ಲಿ ಹೇಳಿದರು. ಇಷ್ಟು ದಿನ ಇಂಗ್ಲಿಷಿನಲ್ಲಿ ಫೋನು ಮಾಡಬೇಕು ಅಂತ ನಿಯಮ ಇತ್ತು. ಕಲಿಯುವವರಲ್ಲೂ ಒಬ್ಬಳನ್ನು ಬಿಟ್ಟು ಯಾರೂ ಬರಲಿಲ್ಲ. ಅಕ್ಕೋರು ಬಂದರು. ಕಳ್ಳಕವಟಗಿಯ ಹುಡುಗಿ ಬಂದಳು. ಯಾರಾದರೂ ದಾರಿ ತಪ್ಪಿದರೇನೋ ಅಂತ ನೋಡಲು ಓಣಿಯ ಬಾಯಿಗೆ ಹೋದೆ. ಅಲ್ಲಿ ಪಾನ್ ಅಂಗಡಿಯ ಮುಂದೆ ಬಬಲೇಶ್ವರದ ಮಾಸ್ತರರ ಬೈಕು ನಿಂತಿತ್ತು. ಅವರೂ ನಿಂತಿದ್ದರು. ನನ್ನನ್ನು ನೋಡಿದರು. ಕಿಸೆಯಿಂದ ಫೋನು ತೆಗೆದು ಕಿವಿಗೆ ಹಚ್ಚಿಕೊಂಡು, ಅರ್ಜೆಂಟ್ ಬಂತು ಅಂತ ಕೈ ಮಾಡಿ, ಬೈಕು ಹೊಡೆದುಕೊಂಡು ಹೋದರು. ಫೋನು ಬಂದಿರಲಿಲ್ಲ.

ಒಳಗೆ ಬಂದೆ. ಹಾಸಿದ ಜಮಖಾನದ ಮೇಲೆ ಇಬ್ಬರು. ಸುತ್ತ ಪಕ್ಕದ ಮನೆಗಳ ಚಾಪೆಗಳು ಖಾಲಿ. ನಾನು ಕಲಿಯುವವ, ನನ್ನ ಎಡಕ್ಕೆ ಒಬ್ಬ ಮಾಸ್ತರು ಕೂರಬೇಕು. ಆ ಜಾಗ ಬಿಟ್ಟು ಅಕ್ಕೋರು ನನ್ನ ಬಲಕ್ಕೆ ಕೂತರು. ಅವ್ವ ಬಾಟಲಿ ತಂದಿಟ್ಟಳು. ಅಕ್ಕೋರು ಅದನ್ನು ನೋಡಿದರು, ಮೂಲೆಯ ನೀರಿನ ಹರವಿಯನ್ನು ನೋಡಿದರು. ಎದ್ದು ಹೋಗಿ ಹರವಿಯಿಂದ ತಾವೇ ತಂಬಿಗೆ ತುಂಬಿಕೊಂಡು ನಿಂತಲ್ಲೇ ಕುಡಿದರು. ಕುಡಿದ ಮೇಲೆ ನನಗೆ, ಹೂಂ, ಮನೆ ತೋರಿಸು ಅಂದರು.

ತೋರಿಸಿದೆ. ಒಲೆ, ಹಗ್ಗದ ಮಂಚ, ಅಪ್ಪ ಕಬ್ಬು ಕಡಿಯಲು ಹೋದಾಗ ಬಿಟ್ಟುಹೋದ ಚಪ್ಪಲಿ, ಬುದ್ಧನ ಫೋಟೊ. ಇಂಗ್ಲಿಷ್ ಚೆನ್ನಾಗೇ ಬಂತು. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಬಾಯಿಪಾಠ ಮಾಡಿಟ್ಟಿದ್ದೆ. ಬಾಗಿಲಲ್ಲಿ ಓಣಿಯ ಹೆಂಗಸರು, ಮಕ್ಕಳು ನಿಂತು ನೋಡುತ್ತಿದ್ದರು. ನಾನು ಮಾತಾಡುವುದನ್ನಲ್ಲ, ಖಾಲಿ ಚಾಪೆಗಳನ್ನು.

ಎಲ್ಲರೂ ಹೋದ ಮೇಲೆ ಅವ್ವ ಚಾಪೆ ಸುತ್ತಿದಳು. ಅಳಲಿಲ್ಲ. ಅಳುವಾಕೆ ಅಲ್ಲ.

"ಅವರು ನಮ್ಮ ಮನಿಗೆ ಬರೂದಿಲ್ಲಂತ ನಮಗ ಗೊತ್ತಿತ್ತು. ಇವತ್ತ ಓಣಿಗೆಲ್ಲಾ ಗೊತ್ತಾತು. ಆದದ್ದ ಇಷ್ಟ ನೋಡಪ್ಪಾ."

ಮುಂದಿನ ರವಿವಾರ ಅಕ್ಕೋರು ಮತ್ತೆ ನಮ್ಮ ಮನೆಗೇ ಬಂದರು. ನನ್ನ ಎಡಕ್ಕೆ ಯಾರೂ ಕೂತಿರಲಿಲ್ಲ, ಹಾಗಾಗಿ ಮುಂದಿನ ಪಾಳಿ ಯಾರದು ಅಂತ ಗೊತ್ತಾಗಿಲ್ಲ, ಜಮಖಾನ ಇಲ್ಲೇ ಇರಲಿ ಅಂದರು. ಅದರ ಮುಂದಿನ ವಾರವೂ ಅದೇ ಮಾತು. ಮಾಸ್ತರುಗಳು ಹೇಳಿ ಕಳಿಸಿದರು: ಮನೆ ಬೇಡ, ಎಲ್ಲರಿಗೂ ಅನುಕೂಲ ಆಗುವಂತೆ ಶಾಲೆಯ ಹಾಲಿನಲ್ಲಿ ಕೂರೋಣ, ಎಲ್ಲರೂ ಬರುತ್ತೇವೆ. ಅಕ್ಕೋರು ಆಗಲ್ಲ ಅಂದರು. ಯಾಕೆ ಅಂತ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಗುಂಪು ಅಲ್ಲಿಗೆ ನಿಂತಿತು.

ನನಗೆ ಅಕ್ಕೋರ ಮೇಲೆ ಸಿಟ್ಟು ಬಂದದ್ದು ಆಗ. ಗುಂಪಿನಲ್ಲಿ ಕಲಿಯುತ್ತಿದ್ದ ಹುಡುಗರು ಸ್ಟ್ಯಾಂಡಿನಲ್ಲಿ ಸಿಕ್ಕರೆ ಮುಖ ತಿರುಗಿಸುವರು. ನಮ್ಮ ಮನೆಯಿಂದ ಅವರ ಇಂಗ್ಲಿಷ್ ನಿಂತಿತು ಅನ್ನುವ ಹಾಗೆ. ಕಳ್ಳಕವಟಗಿಯ ಹುಡುಗಿಗೆ ಸೋಲಾಪುರದ ಒಂದು ಆಸ್ಪತ್ರೆಯಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಹತ್ತು ಮಂದಿಯ ಮುಂದೆ ಮಾತಾಡುವ ರೂಢಿ ಬೇಕು ಅವಳಿಗೆ. ಬರೀ ನಾನು, ಅಕ್ಕೋರು ಸಾಕಾಗುವುದಿಲ್ಲ. ಒಂದು ದಿನ ಗಾಡಿಯಲ್ಲಿ ಬೇರೆ ಪ್ಯಾಸೆಂಜರ್ ಇರಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ ಕೇಳಿಬಿಟ್ಟೆ.

"ನಮ್ಮ ಮನಿ ಏನ ಪರೀಕ್ಷಾ ಸೆಂಟರ್ ಏನ್ರಿ ಅಕ್ಕೋರ? ಪಾಸ್ ಆಗವ್ರು ಅವರು, ಫೇಲ್ ಆಗವ್ರು ಅವರು. ನಡುವ ನಮ್ಮವ್ವ ಯಾಕ ಚಾಪಿ ಹಾಸಬೇಕ್ರಿ?"

ಅವರು ಹೊಲದ ಕಡೆ ತಿರುಗಿದರು. ದ್ರಾಕ್ಷಿ ಬಳ್ಳಿ ಕತ್ತರಿಸಿ ಬೋಳು ಮಾಡಿದ್ದರು. ಆಮೇಲೆ ಹೇಳಿದರು.

"ನಿಮ್ಮ ಮನಿ ದಾಟಿ ಮುಂದ ಹೋಗಬಹುದು ತಮ್ಮಾ. ಆಮ್ಯಾಲ ನಿನಗ ನಾ ಯಾವ ಮಾರಿ ಇಟ್ಕೊಂಡ ಕಲಸ್ಲಿ?"

ಅದು ಅವರ ಮಾತು. ಉತ್ತರವೂ ಅಲ್ಲ, ನಮ್ಮವ್ವನಿಗೆ ಸಮಾಧಾನವೂ ಅಲ್ಲ. ನನ್ನನ್ನು ಎಡಕ್ಕೆ ಎಳೆದು ಕೂರಿಸುವ ಮೊದಲು ನಮ್ಮನ್ನೊಂದು ಮಾತು ಕೇಳಬೇಕಿತ್ತು ಅಂತ ನಾನು ಅಂದೆ. ಹೌದು, ಕೇಳಬೇಕಿತ್ತು ಅಂತ ಒಪ್ಪಿಕೊಂಡರು. ಹಟ ಮಾತ್ರ ಬಿಡಲಿಲ್ಲ.

ಹುಡುಗಿಗೆ ಅವರು ಶಾಲೆ ಬಿಟ್ಟ ಮೇಲೆ ದಿನಾ ತಾಸುಗಟ್ಟಲೆ ಬೇರೆ ಕಲಿಸಿದರು. ಇಂಟರ್‌ವ್ಯೂ ಆಯಿತು. ಟೇಬಲ್ಲಿನ ಆ ಕಡೆ ಐದಾರು ಮಂದಿ ಕೂತಿದ್ದರಂತೆ. ಇವಳ ಬಾಯಿ ಒಣಗಿತು. ಕೆಲಸ ಸಿಗಲಿಲ್ಲ. ತಿರುಗಿ ಬಂದ ದಿನ ನನ್ನ ಗಾಡಿಯಲ್ಲೇ, ಎಲ್ಲರ ಮುಂದೆ, ಅಕ್ಕೋರ ಎದುರು ಸೀಟಿನಲ್ಲಿ ಕೂತು ಅಂದಳು: "ಹಟ ನಿಮ್ದರಿ. ನೌಕರಿ ಹೋದದ್ದು ನಂದು." ಅಕ್ಕೋರು ಚೂಡಾದ ಡಬ್ಬಿ ತೆಗೆಯಲು ಹೋದವರು ಹಾಗೇ ಚೀಲ ಮುಚ್ಚಿದರು. ಆ ಹುಡುಗಿ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಅವಳದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅಕ್ಕೋರದು ಸರಿ ಅಂತಲೂ ಬರುವುದಿಲ್ಲ.

ಅಕ್ಕೋರು ಒಬ್ಬರೇ ಬರತೊಡಗಿದರು. ಪ್ರತಿ ರವಿವಾರ. ಜಮಖಾನ ಹಾಸಿಕೊಂಡು ನಾನು, ಅವರು ಕೂರುವೆವು. ಗೋಳಗುಮ್ಮಟಕ್ಕೆ ಬಂದವರನ್ನು ಹೇಗೆ ಮಾತಾಡಿಸಬೇಕು, ದರ ಹೇಗೆ ಹೇಳಬೇಕು, ಇಲ್ಲ ಅನ್ನುವುದು ಹೇಗೆ, ಎಲ್ಲ ಕಲಿಸಿದರು. ಬೈದು ಬೈದು ಕಲಿಸಿದರು. ನಡುನಡುವೆ ಬಾಗಿಲ ಕಡೆ ನೋಡುವರು. ಹೊರಗೆ ಬೈಕಿನ ಸಪ್ಪಳ ಆದರೆ ಮಾತು ನಿಲ್ಲಿಸುವರು. ಬೈಕು ಮುಂದೆ ಹೋದರೆ ಮತ್ತೆ ಶುರು ಮಾಡುವರು... ಒಂದೊಂದು ರವಿವಾರ ಪಾನ್ ಅಂಗಡಿಯ ಮುಂದೆ ಆ ಮಾಸ್ತರರ ಬೈಕು ನಿಂತಿರುತ್ತಿತ್ತು. ನಾನು ನೋಡುತ್ತಿದ್ದೆ. ಅಕ್ಕೋರಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಆಸೆ ಇಟ್ಟುಕೊಳ್ಳುವರು.

ಅವ್ವ ಮೊದಮೊದಲು ಅವರು ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಅಕ್ಕೋರು ಹಿತ್ತಲಿಗೇ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ನನಗೆ ಕೇಳಿಸಿದ್ದು ಕೊನೆಯದೊಂದೇ, ಅವ್ವನ ಧ್ವನಿ: "ತಪ್ಪಾತು ಅಂದ್ರ ನಾ ಏನ ಮಾಡ್ಲ್ರಿ, ಬರ್ರಿ, ರೊಟ್ಟಿ ಆರ್ತೈತಿ." ಆ ದಿನದಿಂದ ಅಕ್ಕೋರ ಊಟ ನಮ್ಮಲ್ಲೇ. ಅಗಸಿ ಚಟ್ನಿ ಅಂದರೆ ಜೀವ. ಬಾಟಲಿಗಳ ಪೆಟ್ಟಿಗೆಯಲ್ಲಿ ಉಳಿದಿದ್ದನ್ನು ಅವ್ವ ತೋಟದ ಕೂಲಿಗೆ ಹೋಗುವಾಗ ಒಂದೊಂದಾಗಿ ಒಯ್ದು ಕುಡಿದು ಮುಗಿಸಿದಳು.

ನನ್ನ ಗಾಡಿಗೆ ಫಾರಿನ್‌ನವರು ಹತ್ತತೊಡಗಿದರು. ಒಂದು ರವಿವಾರ ಸಂಜೆ ಒಬ್ಬ ಮುದುಕ, ಅವನ ಹೆಂಡತಿ. ಊರೆಲ್ಲ ತೋರಿಸಿದೆ. ದಾರಿಯುದ್ದಕ್ಕೂ ಮಾತಾಡಿದೆ. ಸೋಮವಾರ ಅಕ್ಕೋರಿಗೆ ಹೇಳಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಸೋಮವಾರ ಅವರು ಸ್ಟ್ಯಾಂಡಿಗೆ ಬರಲಿಲ್ಲ. ಕಾದೆ. ಹತ್ತಿದ್ದ ಪ್ಯಾಸೆಂಜರುಗಳು ಬೈಯತೊಡಗಿದರು. ಅವರಿಗೆ ಬಿಪಿ ಇತ್ತು, ಗುಳಿಗೆ ಮರೆಯುತ್ತಿದ್ದರು, ಅದು ಗೊತ್ತಿತ್ತು. ಬೆಳಗಿನ ಜಾವ ಬಿದ್ದರಂತೆ. ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಶಾಲೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಗೇಟಿಗೆ ಬೀಗ ಇತ್ತು. ಪ್ಯೂನ್ ಹೇಳಿದ. ಗಾಡಿ ತಿರುಗಿಸಿ ಮನೆಗೆ ಹೋಗಿ ಅವ್ವನನ್ನು ಕೂರಿಸಿಕೊಂಡು ವಿಜಯಪುರಕ್ಕೆ ಹೋದೆ. ದಾರಿಯಲ್ಲಿ ಅವ್ವ ಒಂದೇ ಮಾತು ಕೇಳಿದಳು, ನಮ್ಮನ್ನು ಒಳಗೆ ಬಿಡ್ತಾರೇನು ಅಂತ.

ಬಿಟ್ಟರು. ಸತ್ತವರ ಮನೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಮಾಸ್ತರುಗಳೆಲ್ಲ ಬಂದಿದ್ದರು. ಜ್ವರದ ಮಗುವಿನವರು, ಉಪವಾಸದವರು, ಬಸ್ಸು ಸಿಗದವರು. ಎಲ್ಲರೂ ಒಂದೇ ಅಂಗಳದಲ್ಲಿ, ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದೆವು. ಕಳ್ಳಕವಟಗಿಯ ಹುಡುಗಿಯೂ ಬಂದಿದ್ದಳು. ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವ್ವ ಅಕ್ಕೋರ ಕಾಲ ಹತ್ತಿರ ಕೂತು ಅವರ ಸೀರೆಯ ಅಂಚು ಸರಿಮಾಡಿದಳು. ಅಷ್ಟೇ ಮಾಡಿದಳು. ಮತ್ತೆ ಮತ್ತೆ ಅದನ್ನೇ ಮಾಡಿದಳು...

ಬಬಲೇಶ್ವರದ ಮಾಸ್ತರು ನನ್ನನ್ನು ಹೊರಗೆ ಕರೆದೊಯ್ದು ಗೋಡೆಗೆ ಒರಗಿದರು. ಕಣ್ಣು ಕೆಂಪಾಗಿದ್ದವು.

"ತಮ್ಮಾ, ನಾ ಪಾನ್ ಅಂಗಡಿತನಾ ಬರ್ತಿದ್ದೆ. ಅಲ್ಲಿಂದ ಮುಂದ ಕಾಲ ಏಳಲಿಲ್ಲ. ಮನ್ಯಾಗ ಅವ್ವ ಅದಾಳ..."

"ಗೊತ್ತೈತ್ರಿ ಸರ. ನೋಡ್ತಿದ್ದೆ," ಅಂದೆ.

"ಅದನ್ನ ಅಕ್ಕೋರಿಗೆ ಹೇಳಿದ್ದಿಯೇನು?"

"ಇಲ್ರಿ."

ಅವರು ನನ್ನ ಕೈ ಹಿಡಿದುಕೊಂಡರು. ಹಿಡಿಸಿಕೊಂಡು ನಿಂತೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ.

ಜಮಖಾನ ನಮ್ಮ ಮನೆಯಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ. ಅವ್ವ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದ್ದಾಳೆ.

ಈಗ ಗುಂಪು ಮತ್ತೆ ನಡೆದಿದೆ. ಅಕ್ಕೋರ ನೆನಪಿಗೆ ಅಂತ ಮಾಸ್ತರುಗಳೇ ಮುಂದೆ ಬಿದ್ದು ಶುರು ಮಾಡಿದರು. ಯಾರ ಮನೆಯಲ್ಲೂ ಅಲ್ಲ. ಗೋಳಗುಮ್ಮಟದ ಗಾರ್ಡನ್ನಿನ ಹುಲ್ಲಿನ ಮೇಲೆ. ಯಾರಿಗೂ ತೊಂದರೆ ಇಲ್ಲ. ಅವರವರ ನೀರು ಅವರವರು ತರುತ್ತಾರೆ. ಚಹಾ ಹೊರಗಿನ ಗಾಡಿಯಿಂದ, ಪೇಪರ್ ಕಪ್ಪಿನಲ್ಲಿ. ಮೊದಲಿಗಿಂತ ಹೆಚ್ಚು ಮಂದಿ ಬರುತ್ತಾರೆ. ಕಳ್ಳಕವಟಗಿಯ ಹುಡುಗಿ ಈಗ ವಿಜಯಪುರದಲ್ಲೇ ಒಂದು ಸಣ್ಣ ದವಾಖಾನೆಯಲ್ಲಿ ಇದ್ದಾಳೆ, ಡ್ಯೂಟಿ ಇಲ್ಲದ ರವಿವಾರ ಬರುತ್ತಾಳೆ. ಮಾಸ್ತರುಗಳ ಹೆದರಿಕೆ ಬಹಳ ಕಡಿಮೆಯಾಗಿದೆ. ಅವರ ಶಾಲೆಯ ಹುಡುಗರೂ ನಾಲ್ಕು ಮಾತು ಆಡತೊಡಗಿದ್ದಾರೆ ಅಂತ ಕೇಳುತ್ತೇನೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ನಡೆದಿದೆ. ನಾನೂ ಹೋಗುತ್ತೇನೆ. ಟಿಕೋಟಾದಿಂದ ಬರುವವರನ್ನು ನನ್ನ ಗಾಡಿಯಲ್ಲೇ ಕರೆತರುತ್ತೇನೆ.

ಮೊನ್ನೆ ರವಿವಾರ ಒಬ್ಬರು ಹೊಸ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು, ಈಗಷ್ಟೇ ನೌಕರಿಗೆ ಸೇರಿದವರು, ಬೇರೆ ಜಿಲ್ಲೆಯವರು. ಎಲ್ಲದಕ್ಕೂ ಕುತೂಹಲ. ಮೊದಲು ಎಲ್ಲಿ ಕೂರುತ್ತಿದ್ದಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮನೆಗಳಲ್ಲಿ ಅಂತ ಯಾರೋ ಹೇಳಿದರು. ಎಷ್ಟು ಒಳ್ಳೆಯ ವಿಚಾರ, ಯಾಕೆ ಬಿಟ್ಟಿರಿ ಅಂತ ಮೇಡಂ ಕೇಳಿದರು.

ಬಬಲೇಶ್ವರದ ಮಾಸ್ತರು ಹುಲ್ಲು ಕೀಳತೊಡಗಿದರು. ಒಬ್ಬರು ಕಪ್ಪಿನೊಳಗೆ ನೋಡಿದರು. ಇನ್ನೊಬ್ಬರು, ಅದನ್ನು ನಡೆಸುತ್ತಿದ್ದ ಟೀಚರ್ ತೀರಿಕೊಂಡರು ಅಂದರು. ಮೇಡಂ ಅಯ್ಯೋ ಅಂದರು. ಮಾತು ಅಲ್ಲಿಗೆ ಮುಗಿಯುವುದಿತ್ತು.

ನಾನು ಹೇಳಿದೆ. ಇಂಗ್ಲಿಷಿನಲ್ಲೇ ಹೇಳಿದೆ. ಟೀಚರ್ ತೀರಿಕೊಂಡದ್ದು ಆಮೇಲೆ. ಅದಕ್ಕೂ ಮೊದಲು ನಮ್ಮ ಮನೆಯ ಪಾಳಿ ಬಂದಿತ್ತು. ಯಾರೂ ಬರಲಿಲ್ಲ. ಟೀಚರ್ ನಮ್ಮ ಮನೆ ದಾಟಿ ಮುಂದೆ ಹೋಗಲಿಲ್ಲ.

ನಾನು ತಪ್ಪು ಮಾತಾಡಿದರೆ ತಿದ್ದುವವರು ಸುತ್ತ ಹತ್ತು ಮಂದಿ ಕೂತಿದ್ದರು. ಯಾರೂ ಬಾಯಿ ತೆಗೆಯಲಿಲ್ಲ. ಮೇಡಂ ನನ್ನ ಮುಖ ನೋಡಿದರು, ಮಾಸ್ತರರ ಮುಖ ನೋಡಿದರು, ತಿಳಿಯಿತು, ತಲೆ ತಗ್ಗಿಸಿದರು. ಮಾಸ್ತರು ಕೈಗೆ ಹತ್ತಿದ ಹುಲ್ಲು ಕೊಡವಿ, ಇವತ್ತಿನ ವಿಷಯ ಪ್ರವಾಸ, ಯಾರು ಶುರು ಮಾಡುತ್ತೀರಿ ಅಂದರು.

ಅಕ್ಕೋರು ಇದ್ದಿದ್ದರೆ ಎದ್ದು ಹೋಗುತ್ತಿದ್ದರು. ನಾನು ಏಳಲಿಲ್ಲ. ನನಗೆ ಇಂಗ್ಲಿಷ್ ಬೇಕು, ಹೊಟ್ಟೆ ಇದೆ, ಗಾಡಿಯ ಕಂತು ಇದೆ. ಅವರ ಹಾಗೆ ಒಂದು ಮನೆಯ ಮುಂದೆ ನಿಂತುಬಿಡಲು ನನ್ನಿಂದ ಆಗುವುದಿಲ್ಲ. ಅದು ನನ್ನ ಮನೆಯೇ ಆದರೂ ಆಗುವುದಿಲ್ಲ. ಅದನ್ನು ಮಾಡಿದವರು ಒಬ್ಬರೇ ಇದ್ದರು, ಈಗ ಇಲ್ಲ...

ಯಾರೂ ಶುರು ಮಾಡಲಿಲ್ಲ. ನಾನೇ ಕೈ ಎತ್ತಿದೆ.